ಬಾಡಿಗೆಗೆ ನಾಲ್ಕು ಬಾಕ್ಸು

ಬಾಕ್ಸಿನ ಮೇಲೆ ಬರೆದದ್ದು ಹಾಗೇ ಇರಲಿ ಅಂದಳು ರೊವೀನಾ:
ಶ್ರೀ ಕೆಂಚಾಂಬ ಸೌಂಡ್ಸ್, ಸಕಲೇಶಪುರ,
ಹಳದಿ ಬಣ್ಣ, ಕೆಳಗೆ ನನ್ನ ಹಳೇ ನಂಬರು.
ನಾನೇ ಒಂದು ಬೆಡ್‌ಶೀಟು ತಂದಿದ್ದೆ ಮುಚ್ಚಲಿಕ್ಕೆ.
ಯಾರ ಮನೆಗೆ ಯಾರ ಹೆಸರು ಹೊತ್ತು ಹೋಗಬೇಕು ಅನ್ನುವುದು
ಮೈಕ್‌ಸೆಟ್ಟಿನವನಿಗೆ ಗೊತ್ತಿರುತ್ತೆ.

ಬಿಳಿ ದೊರೆಗಳು ಕಟ್ಟಿಸಿದ ಚರ್ಚು. ಈಗ ಭಾನುವಾರಕ್ಕೆ
ಆರು ಮನೆಯವರು; ಏಳನೆಯವರು ಬಂದರೆ
ಬೆಂಚು ಒರೆಸಬೇಕು.
ಗೋಡೆಯ ಹಿತ್ತಾಳೆ ಹಲಗೆಯಲ್ಲಿ ಜ್ವರಕ್ಕೆ ಸತ್ತ
ಇಪ್ಪತ್ತಾರರ ದೊರೆ ಒಬ್ಬ. ಅವನ ವಯಸ್ಸಿನವರೇ
ನಲವತ್ತು ಮಂದಿ, ಕಾಫಿ ಕಣದಲ್ಲಿ ಜೀಪು ಬಿಟ್ಟು
ಮೊಬೈಲ್ ಬೆಳಕಲ್ಲಿ ನಡೆದು ಬಂದರು.
ಬೋರ್ಡಿಲ್ಲ, ಚೀಟಿಯಿಲ್ಲ, ಬಿಷಪ್ಪರಿಗೆ ಹೇಳಿಲ್ಲ.
ಬೀಗದ ಕೈ ಇದ್ದದ್ದು ದೇವಸಹಾಯಂ ತಾತನ ಹತ್ತಿರ.

ಅವನಿಗೆ ಕಿವಿ ಮಂದ. ಪಲ್ಪರ್ ಮನೆಯಲ್ಲಿ
ಮೂವತ್ತು ವರ್ಷ ನಿಂತ ಕಿವಿ.
ಪ್ರಾರ್ಥನೆ ಕೂಟವಾ, ಅಂದ.
ಹಾಸನದಲ್ಲಿ ಹಲ್ಲಿನ ಡಾಕ್ಟರಿಕೆ ಓದುವ ಹುಡುಗಿ
ಉತ್ತರ ಹುಡುಕಿ, ಸಿಗದೆ,
ಅವನ ಅಂಗೈ ಹಿಡಿದು ಬಾಕ್ಸಿಗೆ ಒತ್ತಿದಳು.
ಆಮೇಲೆ ಗೀತೆ ಪುಸ್ತಕ ಎಂಟು ಒಟ್ಟಿ
ಅದರ ಮೇಲೆ ಟಿಫನ್ ಡಬ್ಬಿಯಷ್ಟಿದ್ದ ಯಂತ್ರ ಇಟ್ಟು
ತಿರುಗಿಸಿದಳು.

ಹಾಡೇ ಇಲ್ಲ ಅದರಲ್ಲಿ.
ಗಣಪತಿ ಬಿಡುವುದು, ಮದುವೆ, ಸೊಸೈಟಿ ಎಲೆಕ್ಷನ್ನು,
ನನ್ನ ಬಾಕ್ಸು ಕಾಣದ ಕೂಗಿಲ್ಲ.
ಇದು ಬೇರೆ. ಆಚೆ ಊರಿನ ಭತ್ತದ ಮಿಲ್ಲು
ರಾತ್ರಿ ಪಾಳಿ ಓಡಿದ ಹಾಗೆ
ದುಂ. ದುಂ. ದುಂ. ದುಂ.
ಮೊದಲ ಅರ್ಧ ಗಂಟೆ ಬೈದುಕೊಂಡೆ.
ಆಮೇಲೆ ನೋಡಿದರೆ ನನ್ನ ಚಪ್ಪಲಿ ಎಣಿಸುತ್ತಿತ್ತು.

ಕುಣಿತವೂ ಅಷ್ಟೆ, ಯಾರೂ ಯಾರನ್ನೂ ನೋಡುವುದಿಲ್ಲ.
ಕಣ್ಣು ಮುಚ್ಚಿ, ತಂತಮ್ಮ ಒಂದಡಿ ಜಾಗದಲ್ಲಿ
ಏನನ್ನೋ ತುಳಿದು ಗಟ್ಟಿ ಮಾಡುತ್ತಿದ್ದರು.
ನರ್ಸಿಂಗ್ ಅರ್ಧಕ್ಕೆ ಬಿಟ್ಟ ಲೈನುಮನೆಯ ಎಸ್ತರ್ ಮಾತ್ರ
ಪೀಠಕ್ಕೆ ಬೆನ್ನು ಮಾಡಲಾರದೆ
ಅಷ್ಟು ಹೊತ್ತೂ ಅಡ್ಡಡ್ಡವೇ ಕುಣಿದಳು.

ಎರಡು ದಾಟಿತ್ತು. ಬಾಗಿಲು ಬಡಿದರು.
ಪೊಲೀಸರಲ್ಲ. ಆನೆ ಪಡೆಯ ಕಾಂತರಾಜು,
ಟಾರ್ಚು ಆರಿಸಿ, ಉಸಿರಲ್ಲೇ:
ನಿಲ್ಸಿ. ಹನ್ನೊಂದು ಇವೆ, ಮರಿ ಸೇರಿ.
ಸಮಾಧಿ ಹತ್ರ ನಿಂತಿವೆ. ಯಾರೂ ಈಚೆ ಬರಬೇಡಿ.

ರೊವೀನಾ ಒಂದೇ ಬೆರಳಲ್ಲಿ ನಿಲ್ಲಿಸಿದಳು.
ನಾನು ಪಕ್ಕದ ಕೋಣೆಯ ಜನರೇಟರ್ ಆರಿಸಿದೆ.
ಯಾರದೋ ಹೊಟ್ಟೆ ಗುರುಗುಟ್ಟಿತು, ಯಾರೋ ನಗು ಕಚ್ಚಿದರು.
ಹೇಳಿಸಿಕೊಳ್ಳದೆಯೇ ಎಲ್ಲ ಬೆಂಚುಗಳಲ್ಲಿ ಕೂತರು.
ಅವು ತುಂಬಿದ್ದು ತಾನು ಕಂಡೇ ಇಲ್ಲ
ಅಂತ ತಾತ ಆಮೇಲೆ ಹೇಳಿದ.
ಹೊರಗೆ ಒಂದು ಕೊಂಬೆ ಮುರಿಯಿತು. ಮತ್ತೇನಿಲ್ಲ.

ದೇವಸಹಾಯಂ ಮುಂದಿನ ಬೆಂಚಿನ ಬೆನ್ನಿಗೆ
ಎರಡೂ ಅಂಗೈ ಊರಿ ಕೂತಿದ್ದ. ನನ್ನ ಕಡೆ ಬಾಗಿ,
ಕಿವುಡರು ಪಿಸುಗುಟ್ಟುವಷ್ಟು ಜೋರಾಗಿ ಕೇಳಿದ:
ಆಫ್ ಮಾಡಿಲ್ವಾ ಇನ್ನೂ?
ಮಾಡಿದೀನಿ ಅಂತ ಕೈ ಆಡಿಸಿದೆ.
ಇಲ್ಲ ಅಂತ ತಲೆ ಆಡಿಸಿದ. ನನ್ನ ಕೈ ಎಳೆದು
ಮರದ ಮೇಲಿಟ್ಟ. ನನಗೇನೂ ಸಿಗಲಿಲ್ಲ.
ಅವನಿಗೆ ಸಿಗುತ್ತಿತ್ತು. ಗದ್ದ ಮೆಲ್ಲಗೆ
ಏರಿ ಇಳಿಯುತ್ತಿತ್ತು, ರೊವೀನಾಳದಲ್ಲದ,
ಅದಕ್ಕಿಂತ ಬಹಳ ನಿಧಾನದ ಯಾವುದಕ್ಕೋ.

ಬೆಳಗ್ಗೆ ಒಂದು ಸಮಾಧಿ ಕಲ್ಲು ವಾಲಿತ್ತು.
ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಬಾಡಿಗೆಯಲ್ಲಿ ಅರ್ಧ ಮುರಿದುಕೊಂಡರು,
ಪೂರ್ತಿ ರಾತ್ರಿ ಆಡಿಲ್ಲವಲ್ಲ ಅಂತ. ನ್ಯಾಯವೇ.
ಬಾಕ್ಸು ಲೋಡು ಮಾಡುವಾಗ ತಾತ
ಪೊರಕೆ ಹಿಡಿದೇ ಬಂದು, ಸಣ್ಣವನ್ನೆಲ್ಲ ಬಿಟ್ಟು
ದೊಡ್ಡದರ ಹೊಟ್ಟೆ ತಟ್ಟಿದ.
ಭಾನುವಾರಕ್ಕೆ, ಅಂದ. ಹಾಡು ಬೇಡ.
ಇದೊಂದಕ್ಕೆ ಎಷ್ಟು?